ಸೀಟಿನ ಕೆಳಗಿನ ಕಲ್ಲು

ಬ್ರೇಕ್ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕಾಲು ಸೀಟಿನ ಕೆಳಗೆ ಕಲ್ಲು ಹುಡುಕುತ್ತದೆ.

ಅಪ್ಪ ಕೊಂಡ ಹಳೆಯ ಜೀಪಿಗೆ ಎಷ್ಟು ರಿಪೇರಿ ಮಾಡಿಸಿದರೂ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿರಲಿಲ್ಲ. ನಿಲ್ಲಿಸಿದಲ್ಲೆಲ್ಲ ಅವ್ವ ಸೀಟಿನ ಕೆಳಗಿಟ್ಟ ಕಲ್ಲು ತೆಗೆದುಕೊಂಡು ಇಳಿದು ಗಾಲಿಗೆ ಕೊಡುತ್ತಿದ್ದಳು. ಆ ಮಧ್ಯಾಹ್ನ ಮಾಗಳದ ಹೊಳೆಯ ಇಳಿಜಾರಿನಲ್ಲಿ ಬ್ರೇಕ್ ಸುಟ್ಟು ನಾರಿತು. ಅಪ್ಪ ಗಾಡಿ ನಿಲ್ಲಿಸಿ ನೋಡಲು ಇಳಿದ. ಅವ್ವ ಕಲ್ಲು ಹಿಡಿದು ಇಳಿಯುವಷ್ಟರಲ್ಲಿ, ಅಜ್ಜಿಯೂ ನಾನೂ ಒಳಗಿರುವಾಗಲೇ, ಜೀಪು ನೀರಿನತ್ತ ಉರುಳತೊಡಗಿತು. ಅವ್ವ ಓಡಿಬಂದು ಗಾಲಿಯ ಮುಂದೆ ಕಲ್ಲು ಎಸೆದಳು. ಜೀಪು ಗಕ್ಕನೆ ನಿಂತಿತು.

"ಮೊನ್ನೆ ಎಲ್ಲಾ ಹೊಸಾದು ಹಾಕ್ಸೀನಬೇ," ಎಂದ ಅಪ್ಪ, ಅಜ್ಜಿಗೆ.

"ಹೌದಲೇ, ಹಳೇದಂದ್ರ ಈ ಕಲ್ಲೊಂದ. ಅದೊಂದ ಕೆಲಸಕ್ಕ ಬಂತು ನೋಡು."

ಜೀಪನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆವು. ಊರು ಬರುವವರೆಗೂ ಬಸ್ಸು ನಿಂತಲ್ಲೆಲ್ಲ ಅವ್ವನ ಬರಿಗೈ ಸೀಟಿನ ಕೆಳಗೆ ಹೋಗುತ್ತಿತ್ತು.