ಕುಜನ ಮಾಲೀಕರು

ಕುಜದೋಷವೆಂದು ನನ್ನ ಮಗಳು ವನಜಳ ಎರಡು ಸಂಬಂಧಗಳು ಮುರಿದಿದ್ದವು. ಮೂರನೆಯ ಗಂಡಿನ ಕಡೆಯವರು, "ದೋಷ ತಟ್ಟಲ್ಲ ಅಂತ ಕುಜನ ಮಾಲೀಕರ ಹತ್ರ ಬರೆಸ್ಕೊಂಡು ಬನ್ನಿ," ಎಂದರು. ಗ್ರಹಗಳು ಮಾರಾಟಕ್ಕೆ ಬಂದಾಗ ಶನಿಯನ್ನು ಮುಂಬೈಯವರು ಯಾರೋ ಕೊಂಡಿದ್ದರು. ಕುಜ ಪುಣ್ಯಕ್ಕೆ ನಮ್ಮ ತಿಪಟೂರಿನ ರುದ್ರಯ್ಯನವರದು. ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ.

"ಬರ್ಕೊಡಕ್ಕಾಗಲ್ಲ," ಎಂದರು.

ನನಗೆ ರೇಗಿತು. "ನಿಮ್ ಎಮ್ಮೆ ನಮ್ ಹೊಲಕ್ಕೆ ನುಗ್ಗಿದ್ರೆ ಕಟ್ಟಾಕಲ್ವೇನ್ರೀ? ನಿಮ್ ಗ್ರಹಾನೂ ಕಟ್ಟಾಕ್ರಿ!"

ಅವರು ಸಿಟ್ಟಾಗಲಿಲ್ಲ. ಕಾಫಿ ತಂದಿಟ್ಟ ಹೆಂಗಸನ್ನು ತೋರಿಸಿದರು. "ನನ್ ಮಗಳು. ಇವಳಿಗೋಸ್ಕರಾನೇ ಕುಜನ್ನ ಕೊಂಡ್ಕೊಂಡೆ. ದೋಷ ತಟ್ಟಲ್ಲ ಅಂತ ನಾನೇ ಬರ್ಕೊಟ್ಟು ಮದುವೆ ಮಾಡ್ದೆ. ಮೂರೇ ತಿಂಗಳಿಗೆ ಅಳಿಯ ತೀರ್ಕೊಂಡ."

ಆಕೆ ತಲೆಯೆತ್ತದೆ ಒಳಗೆ ಹೋದಳು.

"ಸಾಕು, ನಡಿ ಅಪ್ಪ," ಎಂದಳು ವನಜ.

ನಾನು ಅವಳ ಮುಖ ನೋಡದೆ, ಜೇಬಿನಿಂದ ಪೆನ್ನು ತೆಗೆದು ರುದ್ರಯ್ಯನವರ ಮುಂದಿಟ್ಟೆ.