ತಾಳದ ಕೋಲು

ಮೂರನೆಯ ಸಲ ತಾಳದ ಕೋಲು ಬೆರಳ ಗೆಣ್ಣಿನ ಮೇಲೆ ಬಿದ್ದಾಗ ಉಷಾಳ ಚರ್ಮ ಒಡೆದು ರಕ್ತ ಬಂತು. ೨೦೦೧ರ ಬೇಸಿಗೆ ರಜೆಯ ಸಂಗೀತ ಎಂ.ಎ. ತರಗತಿಗೆಂದು ಚೆನ್ನೈನ ನುಂಗಂಬಾಕ್ಕಂನ ಒಂದು ಹಾಲ್‌ನಲ್ಲಿ ಕೂತಿದ್ದ ಇಪ್ಪತ್ತು ಮಂದಿ ಸಂಗೀತ ಟೀಚರುಗಳು ತೊಡೆಯ ಮೇಲೆ ತಾಳ ಹಾಕುವುದನ್ನು ನಿಲ್ಲಿಸಿ ತಲೆ ತಗ್ಗಿಸಿದರು.

"ಎಷ್ಟು ತಡವೆ ಹೇಳೋದಮ್ಮಾ? ತಾಳ ಓಡ್ತಾ ಇದೆ. ಸ್ಕೂಲಲ್ಲಿ ಮಕ್ಕಳಿಗೆ ಇದೇನಾ ಕಲಿಸೋದು?" ಎನ್ನುತ್ತ ಹರಿಹರ ಮೇಷ್ಟ್ರು ಕೋಲನ್ನು ಮತ್ತೆ ಎತ್ತಿದರು.

ನಲವತ್ತೆರಡರ ಉಷಾಳಿಗೆ ಪಿತ್ತ ನೆತ್ತಿಗೇರಿತು. ಎದ್ದವಳೇ ಕೋಲನ್ನು ಕಿತ್ತುಕೊಂಡಳು. ಕಾಲು ತಾಗಿ ಶ್ರುತಿಪೆಟ್ಟಿಗೆ ಮಗುಚಿ ಬಿತ್ತು. "ಪೋದುಂ ಸಾರ್, ಸಾಕು! ನಾನೇನು ನೀವು ಕಟ್ಟಿ ಸಾಕಿದ ದನಾನಾ?" ಎಂದು ಕಿರುಚಿ, ಅವರ ತಲೆಗೇ ಗುರಿಯಿಟ್ಟು ಕೋಲೆತ್ತಿದಳು.

ಮೇಷ್ಟ್ರು ಹಿಂದೆ ಸರಿಯಲಿಲ್ಲ, ತಲೆಗೆ ಕೈ ಅಡ್ಡ ಹಿಡಿಯಲಿಲ್ಲ. ಕಣ್ಣು ಮುಚ್ಚಿ, ಬಲಗೈ ಮುಷ್ಟಿ ಕಟ್ಟಿ, ಗೆಣ್ಣು ಮೇಲೆ ಮಾಡಿ ಮುಂದೆ ಚಾಚಿದರು. ಆ ಗೆಣ್ಣುಗಳು ಯಾವ ಕಾಲದಲ್ಲೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. "ಇನ್ನು ತಪ್ಪೋದಿಲ್ಲ ಗುರುಗಳೇ" ಎಂದು, ಪಾಠಕ್ಕೆ ಕೂತ ಹುಡುಗನ ಹಾಗೆ, ಎಪ್ಪತ್ತರ ಆ ಮುದುಕರ ತುಟಿ ಅಲುಗಿತು.

ಉಷಾಳ ಕೈ ಗಾಳಿಯಲ್ಲೇ ನಿಂತಿತು. ಆ ಮುಷ್ಟಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಶಾಲೆಯ ಸಂಗೀತದ ಪೀರಿಯಡ್‌ನಲ್ಲಿ ತಾಳ ತಪ್ಪಿದೊಡನೆ, ಉಷಾ ಮೇಜಿನ ಮೇಲಿನ ಸ್ಕೇಲಿಗೆ ಕೈ ಹಾಕುವ ಮೊದಲೇ, ಏಳು ವರ್ಷದ ವಿದ್ಯಾರ್ಥಿನಿ ವೀಕ್ಷಾ ಹೀಗೆಯೇ ಕಣ್ಣು ಮುಚ್ಚಿ ಕೈ ಚಾಚುತ್ತಿದ್ದಳು.