ನೂರು ಸೋಮವಾರದ ತುಕ್ಕು

ಸೋಮವಾರದ ಸ್ನಾನ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಕಾರಿನ ಅಭಿಷೇಕಕ್ಕೆಂದು ನೀರಿನ ಬಿಂದಿಗೆ ಹೊತ್ತು ಚನ್ನಬಸವಯ್ಯನವರು ಕೊಟ್ಟಿಗೆಗೆ ಬಂದರೆ, ಕಾರಿನ ಹಿಂಭಾಗ ಕಲ್ಲುಗಳ ಮೇಲೆ ಕೂತಿತ್ತು. ಹಿಂದಿನ ಎರಡೂ ಚಕ್ರಗಳು ಗೋಡೆಗೆ ಒರಗಿದ್ದವು. ಅಡಿಯಿಂದ ಡ್ರೈವರ್ ತಿಮ್ಮಪ್ಪನ ಕಾಲುಗಳು ಮಾತ್ರ ಕಾಣುತ್ತಿದ್ದವು.

“ಅಲ್ಲೇ ನಿಂತ್ಕಳಿ ಯಜಮಾನ್ರೇ! ಇದ್ನ ಈ ಗತಿಗೆ ತಂದಿದ್ದೇ ನಿಮ್ಮ ಬಿಂದ್ಗೆ!” ಎಂದು ಕಾರಿನಡಿಯಿಂದ ಕೂಗು ಬಂತು.

ಮಾತು ಒರಟಾದರೂ ಸುಳ್ಳಲ್ಲ. ಎರಡನೆಯ ಮಹಾಯುದ್ಧ ಶುರುವಾಗಿ ಚನ್ನರಾಯಪಟ್ಟಣದಲ್ಲಿ ಪೆಟ್ರೋಲು ಸಿಗದಂತಾದಾಗ ಕಾರನ್ನು ಕೊಟ್ಟಿಗೆಗೆ ಸೇರಿಸಿದ್ದರು. ಉರುಳಿ ಹೋದೀತೆಂದು ಯಜಮಾನರೇ ಕೈಯಾರೆ ಹ್ಯಾಂಡ್‌ಬ್ರೇಕು ಜಗ್ಗಿ ಬಿಗಿದಿದ್ದರು. ಆಮೇಲೆ, ನಮ್ಮನ್ನು ಹೊತ್ತು ತಿರುಗಿದ್ದೆಲ್ಲ ಬಸವಣ್ಣನೇ ಎಂಬ ಭಕ್ತಿಯಿಂದ ಪ್ರತಿ ಸೋಮವಾರ ಅದಕ್ಕೆ ಸ್ನಾನ, ಚಕ್ರಕ್ಕೆ ಮೂರು ಪಟ್ಟೆ ವಿಭೂತಿ. ಎರಡು ವರ್ಷಕ್ಕೆ ನೂರು ಸೋಮವಾರ. ಆ ನೀರೆಲ್ಲ ಒಳಗಿಳಿದು, ಹಿಂದಿನ ಚಕ್ರಗಳ ಬ್ರೇಕಿನ ಷೂಗಳು ತುಕ್ಕು ಹಿಡಿದು, ಅವನ್ನು ಸುತ್ತುವರಿದ ಕಬ್ಬಿಣದ ಡ್ರಮ್ಮಿಗೆ ಕಚ್ಚಿಕೊಂಡಿದ್ದವು. ತಿಮ್ಮಪ್ಪನನ್ನು ಒಂದು ಮಾತು ಕೇಳಿದ್ದರೆ ಬೇಡ ಎನ್ನುತ್ತಿದ್ದ. ಆದರೆ ಕಾರಿಲ್ಲದ ಡ್ರೈವರನ್ನು ಯಾರು ಕೇಳುತ್ತಾರೆ? ಅವನನ್ನು ಆಗಲೇ ತೆಂಗಿನಕಾಯಿ ಸುಲಿಯಲು ಹಚ್ಚಿಯಾಗಿತ್ತು.

ಹೋದ ವಾರ ಹಾಸನದ ಗುಜರಿ ವ್ಯಾಪಾರಿ ಗುಂಡಯ್ಯ ಬಂದು ಕಾರನ್ನು ಕಬ್ಬಿಣದ ಲೆಕ್ಕಕ್ಕೆ ಕೇಳಿದ. ಹ್ಯಾಂಡ್‌ಬ್ರೇಕು ಬಿಟ್ಟು ಎಂಟು ಜನ ನೂಕಿದರೂ ಹಿಂದಿನ ಚಕ್ರಗಳು ಅಲುಗಲಿಲ್ಲ. ಯಜಮಾನರು ಒಪ್ಪಿಬಿಟ್ಟರು. ತಿಮ್ಮಪ್ಪ ಕಾಲು ಹಿಡಿದದ್ದಕ್ಕೆ ಒಂದೇ ವಿನಾಯಿತಿ: ಸೋಮವಾರ ಮಧ್ಯಾಹ್ನ ಗುಂಡಯ್ಯನ ಲಾರಿ ಬರುವುದರೊಳಗೆ ಕಾರು ಉರುಳಿದರೆ ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನ ಒಲೆ ಕಟ್ಟಿಸಿ ಓಡಿಸೋಣ, ಇಲ್ಲವಾದರೆ ಕಾರು ಗುಜರಿಗೆ, ತಿಮ್ಮಪ್ಪ ಕಾಯಂ ತೆಂಗಿನಕಾಯಿಗೆ. ಊರಿನವರು ಅವನನ್ನು ಇನ್ನೂ ‘ಡ್ರೈವರ್ ತಿಮ್ಮಪ್ಪ’ ಎಂದೇ ಕರೆಯುತ್ತಿದ್ದರು, ಒಂದಿಷ್ಟು ನಗು ಸೇರಿಸಿ. ಆ ನಗು ಅವನಿಗೆ ಕಾಯಿ ಸುಲಿಯುವ ಗೂಟಕ್ಕಿಂತ ಚೂಪಾಗಿ ಚುಚ್ಚುತ್ತಿತ್ತು.

ನಸುಕಿನಿಂದ ಕೊಡತಿಯಲ್ಲಿ ಬಡಿದೂ ಬಡಿದೂ ಅವನ ರಟ್ಟೆ ಬಿದ್ದುಹೋಗಿತ್ತು. ಡ್ರಮ್ಮು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಯಜಮಾನರ ತಾಯಿ ಗುರುಸಿದ್ದಮ್ಮ ಗಿಂಡಿಯಲ್ಲಿ ಹರಳೆಣ್ಣೆ ತಂದರು.

“ತಗಳೋ ತಿಮ್ಮ, ಇಷ್ಟು ಬಿಡು. ಎಂಥಾ ಬೀಗನೂ ಬಿಟ್ಕೊಳ್ತದೆ.”

“ಎಣ್ಣೆ ಬ್ಯಾಡಿ ಅಮ್ಮಾರೇ. ಬಿರೇಕಿಗೆ ಎಣ್ಣೆ ತಾಕುದ್ರೆ ಆಮೇಕೆ ಇಡಿಯಾಕಿಲ್ಲ.”

“ಮೊದಲು ಅದು ಬಿಡ್ಲಿ ಕಣೋ, ಹಿಡಿಯೋ ಮಾತು ಆಮೇಲಾಯ್ತು.”

“ಇಡೀದೇ ಇರೋ ಬಿರೇಕು ಇದ್ದೂ ಸತ್ತಂಗೆ ಅಮ್ಮಾರೇ.”

ಮುದುಕಿ ಬಗ್ಗಿ ಡ್ರಮ್ಮನ್ನು ನೋಡಿದರು. ಅವರ ತವರು ದುದ್ದ, ಮೂರು ಎತ್ತಿನಗಾಡಿಗಳ ಮನೆ. ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುವುದನ್ನು ಎಳವೆಯಿಂದ ನೋಡಿದವರು. “ಬೆರಣಿ ಬೆಂಕೀಲಿ ಪಟ್ಟಿ ಹಿಗ್ಗಿದ ಮೇಲಲ್ವೇನೋ ಗಾಲಿಗೆ ಕೂರಿಸೋದು? ಇದೂ ಕಬ್ಬಿಣ ತಾನೆ? ಸುತ್ತ ಬಿಸಿ ಮಾಡು. ಹಿಗ್ಗಿದ್ರೆ ಒಳಗಿರೋದನ್ನ ತಾನೇ ಬಿಡ್ತದೆ.”

ತಿಮ್ಮಪ್ಪ ಕಾರಿನಡಿಯಿಂದ ಈಚೆ ಬಂದು ಮುದುಕಿಯ ಮುಖವನ್ನೇ ನೋಡಿದ. ಎಂಟು ವರ್ಷ ಕಾರು ಓಡಿಸಿದವನಿಗೆ ಹೊಳೆಯದ್ದು ಒಂದು ದಿನವೂ ಸ್ಟಿಯರಿಂಗ್ ಮುಟ್ಟದ ಅಜ್ಜಿಗೆ ಹೊಳೆದಿತ್ತು. “ನನ್ ತಲೆಗಿಷ್ಟು ಬೆಂಕಿ ಆಕ!” ಎಂದು ಹಣೆ ಚಚ್ಚಿಕೊಂಡ.

ಪೆಟ್ರೋಲಿನ ವಾಸನೆಯೂ ಉಳಿಯದ ಟ್ಯಾಂಕು, ಭಯವೇನಿರಲಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಬೆರಣಿಯ ಕೆಂಡ ತುಂಬಿ ಡ್ರಮ್ಮಿನಡಿ ಇಟ್ಟರು. ಗುರುಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಊದುಕೊಳವೆ ಹಿಡಿದು ಕೂತರು. ತಿಮ್ಮಪ್ಪ ಬಾಣಲೆಯನ್ನು ಆಚೀಚೆ ಸರಿಸುತ್ತ ಕೆಂಡ ಹೊರಳಿಸಿ, ನಾಲ್ಕೂ ಕಡೆ ಕೊಡತಿಯಿಂದ ಮೆಲ್ಲಗೆ ಬಡಿದ. ಒಂದು ಗಳಿಗೆ, ಎರಡು ಗಳಿಗೆ. ಒಳಗೆಲ್ಲೋ ಟಪ್ ಎಂದಿತು. ಡ್ರಮ್ಮು ಗಿರ್ರನೆ ಅರ್ಧ ಸುತ್ತು ತಿರುಗಿ, ಗೋಣಿತಾಟು ಸುತ್ತಿದ ಅವನ ಕೈಗೇ ಬಂತು.

“ಬಂತು ಕಣವ್ವಾ!” ಎಂದ ತಿಮ್ಮಪ್ಪ. ಅಮ್ಮಾರೇ ಎನ್ನುವುದು ಅವನಿಗೆ ಮರೆತೇ ಹೋಯಿತು.

ಎರಡನೆಯದೂ ಅದೇ ಮಂತ್ರಕ್ಕೆ ಬಗ್ಗಿತು. ಸುಲಿದ ತೆಂಗಿನ ಸಿಪ್ಪೆಗೆ ಬರವಿರಲಿಲ್ಲ. ಅದರಲ್ಲೇ ಮರಳು ಹಚ್ಚಿ ತುಕ್ಕನ್ನೆಲ್ಲ ಉಜ್ಜಿ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಡ್ರಮ್ಮು ಕೂರಿಸಿ, ಚಕ್ರ ಬಿಗಿದು, ಕಲ್ಲು ತೆಗೆಯುವುದಕ್ಕೂ ಗುಂಡಯ್ಯನ ಲಾರಿ ಹಾರನ್ ಹೊಡೆಯುವುದಕ್ಕೂ ಸರಿಹೋಯಿತು. ಲಾರಿ ಹಿಮ್ಮುಖವಾಗಿ ಬಂದು ಹೆಬ್ಬಾಗಿಲಿಗೆ ಅಡ್ಡ ನಿಂತಿತು. ಹಗ್ಗ ಹಿಡಿದು ಇಳಿದ ಗುಂಡಯ್ಯ ಕಣ್ಣಲ್ಲೇ ಕಾರನ್ನು ತುಂಡು ತುಂಡು ಮಾಡಿದ.

ತಿಮ್ಮಪ್ಪ ಮೊಳೆಗೆ ನೇತುಹಾಕಿದ್ದ ಖಾಕಿ ಕೋಟು ಕೊಡವಿ ಹಾಕಿಕೊಂಡು ಸೀಟಿನಲ್ಲಿ ಕೂತ. “ಒಸಿ ನೂಕಿ ಯಜಮಾನ್ರೇ” ಎಂದ.

ಅಲ್ಲಿಯವರೆಗೂ ಬಿಂದಿಗೆ ಹಿಡಿದೇ ನಿಂತಿದ್ದ ಚನ್ನಬಸವಯ್ಯನವರು ಆಗ ಅದನ್ನು ಕೆಳಗಿಟ್ಟರು. ಅಪ್ಪಣೆ ಮಾಡಿಯೇ ಅಭ್ಯಾಸವಾದ ಹೆಗಲನ್ನು ಕಾರಿಗೆ ಕೊಟ್ಟರು. ಪಕ್ಕದಲ್ಲಿ ಅವರ ತಾಯಿಯೂ ಕೈಯಿಟ್ಟರು. ಎಂಟು ಜನಕ್ಕೆ ಅಲುಗದ ಕಾರು ಇಬ್ಬರ ಕೈಗೆ ಸರಕ್ಕನೆ ಹೊರಟಿತು. ಹೊಸಿಲು ದಾಟಿ ಅಂಗಳದ ಇಳಿಜಾರಿಗೆ ಬಿದ್ದದ್ದೇ ತಡ, ಓಟ ಕಿತ್ತಿತು.

“ಹೊರಟ್ತು! ಹೊರಟ್ತು!” ಎಂದು ಯಜಮಾನರು ಮಗುವಿನಂತೆ ಕುಣಿದರು. ಮರುಕ್ಷಣ ಕೆಳಗಿದ್ದ ಲಾರಿ ಕಣ್ಣಿಗೆ ಬಿತ್ತು. “ಲೋ ತಿಮ್ಮಾ, ನಿಲ್ಸೋ!”

ಗುಂಡಯ್ಯ ಹಗ್ಗ ಬಿಸಾಕಿ ಜಗಲಿ ಹತ್ತಿದ. ತಿಮ್ಮಪ್ಪ ಆತುರ ಪಡಲಿಲ್ಲ. ಎರಡು ವರ್ಷ ಕಾದ ಕಾಲನ್ನು ಪೆಡಲಿನ ಮೇಲೆ ಇಟ್ಟು ಅದುಮಿದ. ಕಾರು ಕಿರ್ರೆಂದು ಒಮ್ಮೆ ಮೂತಿ ತಗ್ಗಿಸಿ, ನಿಂತೇಬಿಟ್ಟಿತು. ಲಾರಿಗೂ ಅದಕ್ಕೂ ನಡುವೆ ಒಂದೇ ಗೇಣು.

“ಏನಯ್ಯಾ, ಇನ್ನೊಂದು ಗೇಣು ಮುಂದಕ್ಕೆ ಬಂದಿದ್ರೆ ನನ್ ಲಾರಿ ಗತಿ?” ಜಗಲಿಯಿಂದಲೇ ಗುಂಡಯ್ಯ ಅರಚಿದ.

ತಿಮ್ಮಪ್ಪ ಇಳಿದು, ಕೋಟಿನ ಗುಂಡಿ ಹಾಕಿಕೊಂಡು, ಬಾಗಿಲನ್ನು ಮೆತ್ತಗೆ ಮುಚ್ಚಿದ.

“ಉರುಳಕ್ಕೆ ಇಳಿಜಾರೇ ಸಾಕು ಸ್ವಾಮಿ. ಬೆಳುಗ್ಗಿಂದ ನಾವು ಎಣ್ಣೆ ಮುಟ್ಟಿಸ್ದಲೆ ಬಡ್ಕಂಡಿದ್ದೆಲ್ಲ ಆ ಒಂದು ಗೇಣಿಗೆ ಕಣ್ರೀ.”